ಪ್ರಶ್ನೋತ್ತರ: ದೊಡ್ಡ ಟೆಕ್ ಕಂಪನಿಗಳು ಊರನ್ನು ಹೇಗೆ ಆರಿಸುತ್ತವೆ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಂಪನಿಗಳಿಗೆ ಕಚೇರಿ ಜಾಗ ಹುಡುಕಿಕೊಡುವ ಕೆಲಸದಲ್ಲಿ ತುಂಬಾ ವರ್ಷಗಳಿಂದ ಇರುವ ವೀಣಾ ಮೇಡಂ ಇವತ್ತು ನಮ್ಮ ಗುಂಪಿನಲ್ಲಿದ್ದಾರೆ. ಹೆಡ್ ಆಫೀಸು, ಕ್ಯಾಂಪಸ್ಸು ಯಾವ ಊರಿಗೆ ಹೋಗಬೇಕು ಅಂತ ಹೇಗೆ ತೀರ್ಮಾನವಾಗುತ್ತದೆ ಅನ್ನುವುದನ್ನು ಕೇಳಿ. ದಯವಿಟ್ಟು ರೆಸ್ಯೂಮೆ ಕಳಿಸಬೇಡಿ.

ಕಿರಣ್, ಬನಶಂಕರಿ: ಮೇಡಂ, ಅಮೆಜಾನ್ ತನ್ನ ಎರಡನೇ ಹೆಡ್ ಆಫೀಸಿಗೆ ಅಮೆರಿಕದ ಊರುಗಳ ನಡುವೆ ಸ್ಪರ್ಧೆ ಇಟ್ಟಿತ್ತಲ್ಲ. ಜಾಸ್ತಿ ತೆರಿಗೆ ಬಿಟ್ಟವರೇ ಗೆದ್ದರಾ?

ವೀಣಾ: ಇಲ್ಲ. 2017ರ ಸೆಪ್ಟೆಂಬರಿನಲ್ಲಿ ಅವರು ಪ್ರಸ್ತಾವ ಕರೆದರು. 50,000 ಉದ್ಯೋಗ, 500 ಕೋಟಿ ಡಾಲರ್ ಹೂಡಿಕೆ ಅಂದರು. ಕೇಳಿದ್ದು ಏನು ಗೊತ್ತಾ? 10 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಮಹಾನಗರ, ವಿಮಾನ ನಿಲ್ದಾಣಕ್ಕೆ ಸುಮಾರು 45 ನಿಮಿಷ, ಜಾಗದವರೆಗೆ ರೈಲು ಅಥವಾ ಬಸ್ಸು, ಟೆಕ್ ಕೆಲಸ ಗೊತ್ತಿರುವವರು ಬೇಕಾದಷ್ಟು. 238 ಊರು, ಪ್ರದೇಶಗಳು ಪ್ರಸ್ತಾವ ಕಳಿಸಿದವು. 2018ರ ಜನವರಿಯಲ್ಲಿ 20 ಉಳಿದವು.

ನ್ಯೂಜೆರ್ಸಿಯ ನೆವಾರ್ಕ್ 700 ಕೋಟಿ ಡಾಲರ್‌ವರೆಗೆ ರಿಯಾಯಿತಿ ಕೊಡುತ್ತೇನೆ ಅಂದಿತು. ಆದರೂ ಸಿಗಲಿಲ್ಲ. 2018ರ ನವೆಂಬರಿನಲ್ಲಿ ಹೆಸರು ಬಂದದ್ದು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ಗೆ. ಎರಡೂ ಕಡೆ ಎಂಜಿನಿಯರುಗಳು ಮೊದಲೇ ತುಂಬಿದ್ದರು. ಆರ್ಲಿಂಗ್ಟನ್ ಇರುವ ವರ್ಜೀನಿಯಾ ಕೊಟ್ಟ ನಗದು ನೆವಾರ್ಕ್ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ. ಆದರೆ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ 100 ಕೋಟಿ ಡಾಲರಿನ ಹೊಸ ಕ್ಯಾಂಪಸ್ಸು ಹತ್ತಿರದಲ್ಲೇ ಬರುತ್ತದೆ ಅಂತ ತೋರಿಸಿದರು. ಮುಂದಿನ ಇಪ್ಪತ್ತು ವರ್ಷ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಅನ್ನುವ ಪ್ರಶ್ನೆಗೆ ಅದು ಉತ್ತರ. ರಿಯಾಯಿತಿ ಲೆಕ್ಕಕ್ಕೆ ಬರುವುದು ಕೊನೆಗೆ ಎರಡು ಮೂರು ಊರು ಸಮ ಸಮ ಅನಿಸಿದಾಗ ಮಾತ್ರ.

ಗೆದ್ದ ಮೇಲೂ ನಂಬಿ ಕೂರುವಂತಿಲ್ಲ. ಸ್ಥಳೀಯರ ವಿರೋಧ ಜಾಸ್ತಿಯಾಗಿ 2019ರ ಫೆಬ್ರವರಿಯಲ್ಲಿ ನ್ಯೂಯಾರ್ಕನ್ನು ಕೈಬಿಟ್ಟರು. ಆರ್ಲಿಂಗ್ಟನ್‌ನ ಎರಡನೇ ಹಂತವನ್ನು 2023ರ ಮಾರ್ಚಿನಲ್ಲಿ ಮುಂದೂಡಿದರು.

ಸುಮಾ, ರಾಜಾಜಿನಗರ: ಬೆಂಗಳೂರಿನೊಳಗೆ ಯಾವ ಏರಿಯಾ ಅಂತ ಹೇಗೆ ಆರಿಸುತ್ತಾರೆ?

ವೀಣಾ: ಮೊದಲು ಈಗಿರುವ ಉದ್ಯೋಗಿಗಳ ಮನೆಯ ಪಿನ್ ಕೋಡ್ ತೆಗೆದುಕೊಂಡು ಮ್ಯಾಪ್ ಮೇಲೆ ಚುಕ್ಕಿ ಇಡುತ್ತೇವೆ. ಹೆಸರು ಬೇಡ, ಬರೀ ಪಿನ್ ಕೋಡ್. ವೈಟ್‌ಫೀಲ್ಡ್, ಬೆಳ್ಳಂದೂರು, ಎಚ್‌ಎಸ್‌ಆರ್ ಕಡೆ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಅಲ್ಲಿ ಮ್ಯಾಪೇ ಕಾಣುವುದಿಲ್ಲ. ಆಮೇಲೆ ಒಂದೊಂದು ಜಾಗಕ್ಕೂ ಬೆಳಿಗ್ಗೆ 9ಕ್ಕೆ, ಸಂಜೆ 6ಕ್ಕೆ ಎಷ್ಟು ಹೊತ್ತಾಗುತ್ತದೆ ನೋಡುತ್ತೇವೆ. ಬಾಡಿಗೆ ಎಷ್ಟೇ ಕಡಿಮೆ ಇರಲಿ, ಅರ್ಧದಷ್ಟು ಜನರಿಗೆ ಒಂದೂವರೆ ಗಂಟೆ ಪ್ರಯಾಣ ಅಂದರೆ ಆ ಜಾಗ ಪಟ್ಟಿಯಿಂದ ಹೊರಗೆ. ಜನ ಕೆಲಸ ಬಿಡುತ್ತಾರೆ. ಅವರ ಜಾಗಕ್ಕೆ ಹೊಸಬರನ್ನು ಹುಡುಕುವ ಖರ್ಚು ಬಾಡಿಗೆಯಲ್ಲಿ ಉಳಿಸಿದ್ದನ್ನು ನುಂಗುತ್ತದೆ.

ಹಾಗಾಗಿ ಮೆಟ್ರೋ ಲೆಕ್ಕ ಬದಲಿಸುತ್ತದೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಆಯಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರಕ್ಕೆ ಹೋಯಿತು. ಎಲೆಕ್ಟ್ರಾನಿಕ್ ಸಿಟಿ ಬೇಡ ಅಂತ ವರ್ಷಗಟ್ಟಲೆ ಹೇಳುತ್ತಿದ್ದವರು ಈಗ ಒಮ್ಮೆ ನೋಡೋಣ ಅನ್ನುತ್ತಿದ್ದಾರೆ.

ಪ್ರಶಾಂತ್: ಮುಂದಿನ ದೊಡ್ಡ ಹೆಡ್ ಆಫೀಸು ಎಲ್ಲಿ ಬರುತ್ತದೆ ಮೇಡಂ? ಸೈಟ್ ತಗೊಳ್ಳೋಣ ಅಂತ.

ವೀಣಾ: ಹೇಳಲು ಬರುವುದಿಲ್ಲ.

ನಾಗರಾಜ್: ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ, ಎಲ್ಲರೂ ಓದಿ. "ಕರ್ನಾಟಕ ಐದು ವರ್ಷ ತೆರಿಗೆ ಸೊನ್ನೆ ಮಾಡಿ, ಜಮೀನು ಪುಕ್ಕಟೆ ಕೊಟ್ಟರೆ ಜಗತ್ತಿನ ಎಲ್ಲಾ ಹೆಡ್ ಆಫೀಸೂ ಬೆಂಗಳೂರಿಗೆ. ಕನ್ನಡಿಗರೇ, ಹತ್ತು ಜನಕ್ಕೆ ಕಳಿಸಿ." ಸರಿ ಇದೆ ಅಲ್ವಾ ಮೇಡಂ?

ವೀಣಾ: ಸರಿ ಇಲ್ಲ. ಆದಾಯ ತೆರಿಗೆ ಕೇಂದ್ರದ್ದು, ರಾಜ್ಯ ಸೊನ್ನೆ ಮಾಡಲು ಆಗುವುದಿಲ್ಲ. ಎಸ್‌ಇಜೆಡ್, ಅಂದರೆ ವಿಶೇಷ ಆರ್ಥಿಕ ವಲಯದ, ಘಟಕಗಳಿಗೆ ಇದ್ದ ಆದಾಯ ತೆರಿಗೆ ವಿನಾಯಿತಿ 2020ರ ನಂತರ ಶುರುವಾದ ಘಟಕಗಳಿಗೆ ಇಲ್ಲ. ಆದರೂ ಅದಾದ ಮೇಲೆ ಬೆಂಗಳೂರಿಗೆ ಬಂದ ಜಿಸಿಸಿಗಳನ್ನು, ಅಂದರೆ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳನ್ನು, ನೋಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿಗೆ ಬಂದಾಗ ಈ ಊರಿನಲ್ಲಿ ಐಐಎಸ್‌ಸಿ, ಎಚ್‌ಎಎಲ್, ಬಿಇಎಲ್, ಇಸ್ರೋ ಇದ್ದವು. ಕೆಲಸ ಗೊತ್ತಿದ್ದ ಎಂಜಿನಿಯರುಗಳಿದ್ದರು. ಅದನ್ನು ಕಟ್ಟಲು ದಶಕಗಳು ಬೇಕಾದವು. ಹತ್ತು ಜನಕ್ಕೆ ಕಳಿಸಬೇಡಿ.

ಮಂಜುಳಾ, ಯಲಹಂಕ: ಮೇಡಂ, ನನ್ನದು ಸ್ವಲ್ಪ ಅರ್ಜೆಂಟ್. ಅಪ್ಪ ಹೋದ ವರ್ಷ ರಿಟೈರ್ ಆದರು. ದೊಡ್ಡಬಳ್ಳಾಪುರದ ಕಡೆ ಒಂದು 30×40 ಸೈಟಿಗೆ 50 ಸಾವಿರ ಟೋಕನ್ ಕೊಟ್ಟು ಬಂದಿದ್ದಾರೆ. ಶುಕ್ರವಾರ 5 ಲಕ್ಷ ಕೊಡಬೇಕಂತೆ. ಪಕ್ಕದಲ್ಲೇ ಅಮೆರಿಕದ ಕಂಪನಿಯ ಹೆಡ್ ಆಫೀಸು ಬರುತ್ತದೆ, ಎರಡು ವರ್ಷಕ್ಕೆ ಮೂರು ಪಟ್ಟು ಅಂತ ಏಜೆಂಟು ಹೇಳಿದ್ದಾನೆ. ಹೂಡಿಕೆಗೆ ಸಮಿತಿ ಒಪ್ಪಿಗೆ ಕೊಟ್ಟ ಪೇಪರ್ ಕಟಿಂಗ್ ತೋರಿಸಿದ. ನಾನು ಬೇಡ ಅಂದರೆ ಅಪ್ಪ ಕೇಳುತ್ತಿಲ್ಲ.

ವೀಣಾ: ಮಂಜುಳಾ ಅವರೇ, ಶುಕ್ರವಾರ ದುಡ್ಡು ಕೊಡಬೇಡಿ. ಇಷ್ಟನ್ನು ಮೊದಲು ಅಪ್ಪನಿಗೆ ಹೇಳಿ ಬನ್ನಿ, ಉಳಿದದ್ದು ಆಮೇಲೆ ಓದಿ.

ಆ ಪೇಪರ್ ಕಟಿಂಗ್ ನಿಜವೇ ಇರಬಹುದು. 500 ಕೋಟಿ ರೂಪಾಯಿಗಿಂತ ದೊಡ್ಡ ಪ್ರಸ್ತಾವಗಳು ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಮಟ್ಟದ ಒಪ್ಪಿಗೆ ಸಮಿತಿಗೆ ಹೋಗುತ್ತವೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಕಂಪನಿ ಮುಂದಿನ ಅನುಮತಿಗಳ ಕಡೆ ಹೋಗಬಹುದು, ಅಷ್ಟೇ. ಜಮೀನು ಕೈಗೆ ಬಂತು, ಕಟ್ಟಡ ಏಳುತ್ತದೆ ಅಂತ ಅರ್ಥವಲ್ಲ. ಒಪ್ಪಿಗೆ ಪಡೆದು ಬಾರದೇ ಹೋದ ಕಂಪನಿಗಳನ್ನು ಈ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ವಿಷಯ. ಸಾಫ್ಟ್‌ವೇರ್ ಕಂಪನಿಗಳು ಈಗ ಇಲ್ಲಿ ಜಮೀನು ಕೊಳ್ಳುವುದು ಕಡಿಮೆ. ಡೆವಲಪರ್ ಕಟ್ಟಿದ ಟೆಕ್ ಪಾರ್ಕಿನಲ್ಲಿ ಮಹಡಿಗಳನ್ನು ಲೀಸಿಗೆ ಹಿಡಿಯುತ್ತವೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಲಾಕ್-ಇನ್. ಅದು ಮುಗಿದ ಮೇಲೆ ನೋಟಿಸ್ ಕೊಟ್ಟು ಹೊರಡಬಹುದು. ಕಂಪನಿಯೇ ಹೊರಡುವ ದಾರಿ ಇಟ್ಟುಕೊಂಡು ಬರುತ್ತದೆ. ಅಪ್ಪನ ದುಡ್ಡಿಗೆ ಆ ದಾರಿ ಇದೆಯಾ? ಹೆಸರನ್ನೂ ತುಂಬಾ ಗುಟ್ಟಾಗಿ ಇಡುತ್ತಾರೆ. ನಾವು ಜಾಗ ನೋಡಲು ಹೋದಾಗ ಎಷ್ಟೋ ಸಲ ಕಟ್ಟಡದ ಮಾಲೀಕರಿಗೂ ಕಂಪನಿ ಯಾವುದು ಅಂತ ಹೇಳುವ ಹಾಗಿಲ್ಲ. ಕಾಗದದ ಮೇಲೆ ಒಂದು ಗುಪ್ತ ಹೆಸರು ಇರುತ್ತದೆ. ಸೈಟು ಮಾರುವವನಿಗೆ ಎಲ್ಲರಿಗಿಂತ ಮೊದಲು ಹೆಸರು ಗೊತ್ತಾಗಿದೆ ಅಂದರೆ ನಾನು ನಂಬುವುದಿಲ್ಲ.

ಈಗ ಮಾಡಬೇಕಾದ್ದು. ಸರ್ವೆ ನಂಬರ್ ಕೇಳಿ, ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. 11ನೇ ಕಾಲಂ ನಿಧಾನವಾಗಿ ಓದಿ. ಬ್ಯಾಂಕ್ ಸಾಲ, ಕೋರ್ಟ್ ತಡೆ, ಭೂಸ್ವಾಧೀನ ಎಲ್ಲ ಅಲ್ಲಿ ಬರುತ್ತದೆ. ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) 28(1) ಅಂತ ಇದ್ದರೆ ಆ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಪ್ರಾಥಮಿಕ ಅಧಿಸೂಚನೆ ಆಗಿದೆ ಅಂತ. 28(4) ಅಂದರೆ ಅಂತಿಮ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಯಿರಿ. ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ) ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಇ-ಖಾತಾ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ. "ಆಮೇಲೆ ಆಗುತ್ತೆ" ಅಂದರೆ ಎದ್ದು ಬನ್ನಿ. ಕಾಗದ ನೋಡಲು ಏಜೆಂಟು ತೋರಿಸಿದ ವಕೀಲರ ಹತ್ತಿರ ಹೋಗಬೇಡಿ, ನಿಮಗೆ ಗೊತ್ತಿರುವವರ ಹತ್ತಿರ ಹೋಗಿ.

ಪ್ರಶಾಂತ್: ಹಾಗಾದರೆ ದೇವನಹಳ್ಳಿ ಸೇಫಾ ಮೇಡಂ?

ವೀಣಾ: ಮೇಲಿನ ಉತ್ತರ ಓದಿ. ಏರಿಯಾ ಅಲ್ಲ, ಸರ್ವೆ ನಂಬರ್.

ರಘು, ಮಾರತ್‌ಹಳ್ಳಿ: ಇದೆಲ್ಲಾ ಬಿಡಿ. ಕಂಪನಿಗಳು ಹೈದರಾಬಾದಿಗೆ ಹೋಗುತ್ತಿವೆ ಅನ್ನುವುದೇ ಸತ್ಯ. ಅಮೆಜಾನ್ 2019ರಲ್ಲಿ 15,000 ಜನ ಕೂರುವ ಕ್ಯಾಂಪಸ್ಸು ಅಲ್ಲಿ ಕಟ್ಟಿತು. ಅಲ್ಲಿ 158 ಕಿ.ಮೀ. ಔಟರ್ ರಿಂಗ್ ರೋಡ್ ಇದೆ. ನಮ್ಮ 73 ಕಿ.ಮೀ. ಪೆರಿಫೆರಲ್ ರಿಂಗ್ ರೋಡ್ ಹೆಸರು ಬದಲಾಯಿತು, ರಸ್ತೆ ಮಾತ್ರ ಬರಲಿಲ್ಲ.

ಅರುಣ್, ಮಲ್ಲೇಶ್ವರ: ಗೂಗಲ್ 2025ರ ಫೆಬ್ರವರಿಯಲ್ಲಿ ಮಹದೇವಪುರದಲ್ಲಿ ಅನಂತ ಕ್ಯಾಂಪಸ್ಸು ತೆರೆಯಿತಲ್ಲ, 16 ಲಕ್ಷ ಚದರಡಿ. ಅದು ಕಾಣಲಿಲ್ವಾ?

ರಘು: ಅದೇ ಗೂಗಲ್ ವಿಶಾಖಪಟ್ಟಣಕ್ಕೆ 1,500 ಕೋಟಿ ಡಾಲರ್ ಅಂತ 2025ರ ಅಕ್ಟೋಬರಿನಲ್ಲಿ ಹೇಳಿತು. ಅದು ಕಾಣಲಿಲ್ವಾ ಗುರು?

ವೀಣಾ: ಅದು ಡೇಟಾ ಸೆಂಟರ್, ಅಂದರೆ ಕಂಪ್ಯೂಟರ್ ಸರ್ವರ್‌ಗಳನ್ನು ಇಡುವ ಕೇಂದ್ರ. ಅದಕ್ಕೆ ಬೇಕಾದ್ದು ವಿದ್ಯುತ್, ನೀರು, ಜಮೀನು, ಸಮುದ್ರದ ಕೇಬಲ್. ಕಟ್ಟಿ ಮುಗಿದ ಮೇಲೆ ಒಳಗೆ ಕೆಲಸ ಮಾಡುವವರು ಹೂಡಿಕೆಯ ಗಾತ್ರಕ್ಕೆ ಹೋಲಿಸಿದರೆ ಕಡಿಮೆ. ಎಂಜಿನಿಯರಿಂಗ್ ಕಚೇರಿ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ರಸ್ತೆ ವಿಷಯದಲ್ಲಿ ರಘು ಹೇಳಿದ್ದು ಸರಿ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿದ ಮೇಲೆ, ಕಟ್ಟಡ ತೋರಿಸಿದ ಕೂಡಲೇ "ಇಲ್ಲಿ ನೀರು ನಿಲ್ಲುತ್ತದಾ" ಅಂತ ಕೇಳುತ್ತಾರೆ.

ಗುರುಮೂರ್ತಿ: ಅಮ್ಮಾ ವೀಣಾ, ಹುಬ್ಬಳ್ಳಿ-ಧಾರವಾಡಕ್ಕೆ ಯಾಕೆ ಬರುವುದಿಲ್ಲ? ನಮ್ಮ ಮಕ್ಕಳೆಲ್ಲ ಅಲ್ಲೇ ಓದಿ ಇಲ್ಲಿಗೆ ಬಂದು ಪಿಜಿಯಲ್ಲಿ ಇದ್ದಾರೆ.

ಹರೀಶ್: ಮೊದಲು ಬೆಂಗಳೂರಿನಲ್ಲೇ ನಮ್ಮವರಿಗೆ ಕೆಲಸ ಸಿಗಲಿ ಸಾರ್. 2024ರ ಜುಲೈನಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಅಂತ ಮಸೂದೆ ತಂದು, ಕಂಪನಿಗಳು ಕೂಗಿದ ಕೂಡಲೇ ತಡೆ ಹಿಡಿದರು.

ರಘು: ಅಂಥ ಮಸೂದೆ ತಂದರೆ ಯಾವ ಹೆಡ್ ಆಫೀಸೂ ಬರುವುದಿಲ್ಲ. ಹರಿಯಾಣದ ಶೇ. 75ರ ಕಾನೂನನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿತು, ಗೊತ್ತಿಲ್ವಾ?

ಹರೀಶ್: ನೆಲ ನಮ್ಮದು, ನೀರು ನಮ್ಮದು. ಕೆಲಸ ಕೇಳಿದರೆ ತಪ್ಪಾ? ನೀವು ಯಾರ ಪರ?

ರಘು: ಯಾರ ಪರ ಅಂತ ಕೇಳೋಕೆ ನೀವ್ಯಾರು? ನಾನೂ ಇಲ್ಲೇ ಹುಟ್ಟಿದವನು.

ಸುಮಾ, ರಾಜಾಜಿನಗರ: ಮಂಜುಳಾ ಅವರ ಪ್ರಶ್ನೆ ಎಲ್ಲೋ ಹೋಯಿತು. ಸುಮ್ನೆ ಜಗಳ ಯಾಕೆ?

ಅಡ್ಮಿನ್: ಹರೀಶ್, ರಘು, ಇದಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ. ಇನ್ನು ಮುಂದೆ ಡಿಲೀಟ್ ಮಾಡುತ್ತೇನೆ.

ನಾಗರಾಜ್: ಇನ್ನೊಂದು ಬಂದಿದೆ. "ಮೆಟ್ರೋ ನೀಲಿ ಮಾರ್ಗದ ಪ್ರತಿ ಸ್ಟೇಷನ್ ಪಕ್ಕ ಸೈಟು ತಗೊಂಡರೆ ಕಣ್ಣು ಮುಚ್ಚಿ ಡಬಲ್."

ವೀಣಾ: ನಾಗರಾಜ್ ಅವರೇ, ದಯವಿಟ್ಟು ನಿಲ್ಲಿಸಿ. ಮೇಲೆ ಒಬ್ಬರ ಮನೆಯಲ್ಲಿ ಇಂಥದ್ದೇ ಮಾತು ನಂಬಿ ರಿಟೈರ್‌ಮೆಂಟ್ ದುಡ್ಡು ಹೋಗುವ ಹಂತಕ್ಕೆ ಬಂದಿದೆ. ಇದನ್ನು ಬರೆದವರ ಹೆಸರಿಲ್ಲ, ಸರ್ವೆ ನಂಬರ್ ಇಲ್ಲ. ಕಣ್ಣು ಮುಚ್ಚಿ ಅಂತ ಅವರೇ ಹೇಳುತ್ತಿದ್ದಾರೆ.

ನಾಗರಾಜ್: ನಾನು ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಸಿಟ್ಟು ಬೇಡ.

ಮಂಜುಳಾ, ಯಲಹಂಕ: ಮೇಡಂ, ಪಹಣಿ ತೆಗೆದೆ. 9ನೇ ಕಾಲಂನಲ್ಲಿ ಮೂವರ ಹೆಸರು, ಏಜೆಂಟಿನದ್ದು ಇಲ್ಲ. 11ರಲ್ಲಿ ಕೆಐಎಡಿಬಿ 28(1) ಅಂತಿದೆ. ಅಪ್ಪ ಈಗ ಸುಮ್ಮನಾಗಿದ್ದಾರೆ. ಆದರೆ ಏಜೆಂಟು "ಅಧಿಸೂಚನೆ ಇದ್ದರೇ ಒಳ್ಳೆಯದು, ಕಂಪನಿ ಬರುವುದು ಗ್ಯಾರಂಟಿ" ಅನ್ನುತ್ತಿದ್ದಾನೆ.

ವೀಣಾ: ಉಲ್ಟಾ ಹೇಳುತ್ತಿದ್ದಾನೆ. ಸ್ವಾಧೀನವಾದರೆ ಸೈಟೇ ಉಳಿಯುವುದಿಲ್ಲ. ಪರಿಹಾರ ಹೋಗುವುದು ದಾಖಲೆಯಲ್ಲಿ ಹೆಸರಿರುವ ಆ ಮೂವರಿಗೆ, ಅಪ್ಪನಿಗಲ್ಲ. ಕಂಪನಿ ಬರುತ್ತದೆ ಅಂತಲೂ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 1,777 ಎಕರೆ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಟೋಕನ್ ಕೊಟ್ಟದ್ದಕ್ಕೆ ರಸೀದಿ ಇದೆಯಾ? ಬ್ಯಾಂಕಿನಿಂದ ಹೋಯಿತಾ, ಕೈಗೆ ಕೊಟ್ಟರಾ?

ಮಂಜುಳಾ, ಯಲಹಂಕ: ಅರ್ಧ ಯುಪಿಐ, ಅರ್ಧ ಕೈಗೆ. ಬಿಳಿ ಹಾಳೆ ಮೇಲೆ ಬರೆದು ಸಹಿ ಹಾಕಿಕೊಟ್ಟಿದ್ದಾನೆ.

ವೀಣಾ: ಆ ಹಾಳೆಯ ಫೋಟೋ, ಯುಪಿಐ ಸ್ಕ್ರೀನ್‌ಶಾಟ್, ಪಹಣಿ ಮೂರನ್ನೂ ಒಂದು ಕಡೆ ಇಟ್ಟುಕೊಳ್ಳಿ. ಹಾಳೆಯ ಅಸಲನ್ನು ಅವನ ಕೈಗೆ ವಾಪಸ್ ಕೊಡಬೇಡಿ. ದುಡ್ಡು ಹಿಂದಿರುಗಿಸಿ ಅಂತ ಇವತ್ತೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಫೋನಿನಲ್ಲಿ ಬೇಡ. ಕೊಡದಿದ್ದರೆ ವಕೀಲರಿಂದ ನೋಟಿಸ್. ಅಪ್ಪನನ್ನು ಬೈಯಬೇಡಿ.

ಗುರುಮೂರ್ತಿ: ಹುಬ್ಬಳ್ಳಿ ಬಗ್ಗೆ ಕೇಳಿದ್ದೆ ಅಮ್ಮಾ.

ಪ್ರಶಾಂತ್: ಬಿ ಖಾತಾ ಆದರೆ ಪರವಾಗಿಲ್ವಾ ಮೇಡಂ?

ವೀಣಾ: ಪ್ರಶಾಂತ್, ಸೈಟಿನ ಪ್ರಶ್ನೆಗೆ ಇನ್ನು ಉತ್ತರ ಕೊಡುವುದಿಲ್ಲ. ಮಂಜುಳಾ ಅವರೇ, ಆ ಏಜೆಂಟು ಏನು ಉತ್ತರ ಬರೆದ ಅಂತ ನನಗೆ ಮೆಸೇಜ್ ಮಾಡಿ.