ನೇಮಕ್ಕೆ ಹೋದ ಹುಡುಗ ಷರತ್ತು ಮುರಿದನೇ?

ಕಡಲತಡಿ: ನಮ್ಮ ನೆರೆಮನೆಯ ಹದಿನಾರರ ಹುಡುಗ ಬೈಕ್ ಕದ್ದ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ. ಬಾಲನ್ಯಾಯ ಮಂಡಳಿ ಅವನನ್ನು ಒಂದು ವರ್ಷದ ಪ್ರೊಬೇಷನ್ (ಷರತ್ತಿನ ಮೇಲಿನ ಬಿಡುಗಡೆ) ಮೇಲೆ ತಾಯಿಯ ಸುಪರ್ದಿಗೆ ಬಿಟ್ಟಿತು. ಶಾಲೆ ತಪ್ಪಿಸಬಾರದು, ರಾತ್ರಿ ಎಂಟರೊಳಗೆ ಮನೆ ಸೇರಬೇಕು, ಪರಿವೀಕ್ಷಣಾಧಿಕಾರಿಯನ್ನು ತಿಂಗಳಿಗೆರಡು ಬಾರಿ ಕಾಣಬೇಕು ಎಂಬ ಷರತ್ತುಗಳಿದ್ದವು. ಮೊನ್ನೆ ತಾಯಿಯ ಜೊತೆ ಕುಟುಂಬದ ದೈವದ ನೇಮಕ್ಕೆ, ಅಂದರೆ ರಾತ್ರಿಯಿಡೀ ನಡೆಯುವ ಭೂತಾರಾಧನೆಗೆ, ಹೋಗಿ ಬೆಳಗಿನವರೆಗೆ ಅಲ್ಲೇ ಇದ್ದ. ಯಾರೋ ದೂರು ಕೊಟ್ಟಿದ್ದಾರೆ. ಬೀಡಿ ಕಟ್ಟಿ ಮನೆ ನಡೆಸುವ ಆ ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇಷ್ಟಕ್ಕೇ ಹುಡುಗನನ್ನು ಮನೆಯಿಂದ ಕಳಿಸುವುದು ಅನ್ಯಾಯ.

ಉಡುಪಿ ವಕೀಲೆ: ಮೊದಲು ನಿಮ್ಮ ಬರಹದಲ್ಲಿರುವ ಊರಿನ ಹೆಸರನ್ನು ಅಳಿಸಿ. ಮಗುವಿನ ಗುರುತು ಹೊರಗೆಡಹುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ.

ಕಡಲತಡಿ: ಅಳಿಸಿದ್ದೇನೆ ಅಕ್ಕ, ತಪ್ಪಾಯಿತು.

ಅಂಗಡಿ ಶೆಟ್ಟಿ: ನನ್ನ ಅಂಗಡಿಯ ಬೀಗ ಒಡೆದವನೂ ಪ್ರೊಬೇಷನ್‌ನಲ್ಲಿದ್ದ ಹುಡುಗನೇ. ಮೊದಲು ರಾತ್ರಿ ತಿರುಗಾಟ, ಆಮೇಲೆ ಅಧಿಕಾರಿಯ ಭೇಟಿ ತಪ್ಪಿಸುವುದು, ಕೊನೆಗೆ ಕಳವು. ಯಾರೂ ಕೇಳದಿದ್ದರೆ ಮಂಡಳಿಯ ಮಾತಿಗೆ ಬೆಲೆ ಎಲ್ಲಿ? ನೇಮಕ್ಕೆ ಹೋಗಲಿ, ನಾನೂ ದೈವಭಕ್ತನೇ. ಆದರೆ ಮುಂಚಿನ ದಿನ ಅಧಿಕಾರಿಗೆ ಒಂದು ಮಾತು ಹೇಳಬಹುದಿತ್ತಲ್ಲ?

ಉಡುಪಿ ವಕೀಲೆ: ಶೆಟ್ಟರೇ, ಆ ಮಾತು ನ್ಯಾಯವೇ. ಆದರೆ ಮಂಡಳಿಯಲ್ಲಿ ಕೂರುವವರು ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಶಿಕ್ಷೆ ಅಳೆದು ಕೊಡುವುದಷ್ಟೇ ಕೆಲಸವಾಗಿದ್ದರೆ ಈ ಏರ್ಪಾಡೇ ಬೇಕಿರಲಿಲ್ಲ. 26ನೇ ಕಲಂ ಓದಿ ನೋಡಿ. ತಪ್ಪು ಮಾಡಿದ ಮಕ್ಕಳನ್ನು ಇರಿಸುವ ವಿಶೇಷ ಗೃಹದಿಂದಲೋ, ಒಪ್ಪಿಸಿದವರ ಆರೈಕೆಯಿಂದಲೋ ಮಗು ಓಡಿಹೋದರೂ, ಸಿಕ್ಕ ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು, ಯಾಕೆ ಓಡಿದ ಎಂದು ಮಂಡಳಿ ತಿಳಿದುಕೊಳ್ಳಬೇಕು, ಓಡಿದ್ದಕ್ಕೆಂದು ಬೇರೆ ಪ್ರಕರಣ ಹೂಡುವಂತಿಲ್ಲ. ಓಡಿಹೋದವನಿಗೇ ಕಾನೂನು ಇಷ್ಟು ತಾಳ್ಮೆ ತೋರುವಾಗ, ತನ್ನದೇ ಕುಟುಂಬದ ನೇಮದಲ್ಲಿ ತಾಯಿಯ ಪಕ್ಕ ಕೂತಿದ್ದವನಿಗೆ ತೋರಬಾರದೇ?

ನಿವೃತ್ತ ಮಾಸ್ತರ: ಅಮೆರಿಕದ ಗಾಲ್ಟ್ ಪ್ರಕರಣ ನೆನಪಾಗುತ್ತದೆ. ಅರಿಜೋನಾದ ಹದಿನೈದರ ಹುಡುಗ ಆಗಲೇ ಪ್ರೊಬೇಷನ್‌ನಲ್ಲಿದ್ದ. ಅಸಭ್ಯ ದೂರವಾಣಿ ಕರೆಯ ದೂರು ಬಂದದ್ದೇ ತಡ, ಇಪ್ಪತ್ತೊಂದು ತುಂಬುವವರೆಗೆ ಸುಧಾರಣಾ ಶಾಲೆಗೆ ಹಾಕಿದರು. ಅದೇ ತಪ್ಪಿಗೆ ದೊಡ್ಡವರಿಗೆ 5ರಿಂದ 50 ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳ ಜೈಲು. ದೂರು ಕೊಟ್ಟ ಹೆಂಗಸನ್ನು ವಿಚಾರಣೆಗೆ ಕರೆಸಲೇ ಇಲ್ಲ. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಮಕ್ಕಳಿಗೂ ಆರೋಪದ ನೋಟಿಸು, ವಕೀಲರ ನೆರವು, ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕು ಇವೆ ಎಂದಿತು. ನಮ್ಮ ಹುಡುಗನ ಮೇಲೆ ದೂರು ಕೊಟ್ಟ ಆ 'ಯಾರೋ' ಯಾರು, ಏನು ಕಂಡರು ಎಂಬುದೂ ಮಂಡಳಿಯ ಮುಂದೆ ಬರಬೇಕು.

ಅಂಗಡಿ ಶೆಟ್ಟಿ: ಒಪ್ಪಿದೆ ಮಾಸ್ತರರೇ. ಆದರೆ ಅಧಿಕಾರಿಯ ಭೇಟಿಗಳ ವಿಷಯವನ್ನು ಯಾರೂ ಎತ್ತುತ್ತಿಲ್ಲ. ಒಂದಾದರೂ ತಪ್ಪಿಸಿದ್ದಾನೆಯೇ?

ಕಡಲತಡಿ: ಎರಡು ತಪ್ಪಿದ್ದಾನೆ. ಮುಚ್ಚಿಡುವುದಿಲ್ಲ. ತಾಯಿ ಒಂದು ದಿನ ಬೀಡಿ ಕಟ್ಟುವುದು ಬಿಟ್ಟರೆ ಆ ದಿನದ ದುಡಿಮೆ ಹೋಯಿತು, ಇವನೊಬ್ಬನೇ ಕಚೇರಿಗೆ ಹೋಗಲು ಹೆದರುತ್ತಾನೆ. ಷರತ್ತುಗಳನ್ನು ಓದಿ ಹೇಳಿದ್ದರಂತೆ, ಆದರೆ ಅನುಮತಿ ಕೇಳಬಹುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅಂಗಡಿ ಶೆಟ್ಟಿ: ನೇಮದ ರಾತ್ರಿಗಿಂತ ಆ ಎರಡು ದಿನ ನನಗೆ ದೊಡ್ಡದು. ಅದಕ್ಕೆ ಅವನೇ ಬಾಯಿಬಿಟ್ಟು ಉತ್ತರ ಕೊಡಬೇಕು, ತಾಯಿಯಲ್ಲ.

ಉಡುಪಿ ವಕೀಲೆ: ಕೊಡಲಿ. ಮಂಡಳಿ ಕೇಳುವ ಮೊದಲೇ ಅವನು ಹೇಳಿದರೆ ಇನ್ನೂ ಒಳ್ಳೆಯದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ನಾಳೆಯೇ ಅರ್ಜಿ ಕೊಡಿಸಿ. ಶಾಲೆಯ ಹಾಜರಿ ಹೇಗಿದೆ?

ಕಡಲತಡಿ: ಈ ವರ್ಷ ಆರು ದಿನ ಮಾತ್ರ ತಪ್ಪಿದ್ದಾನೆ, ಅದೂ ಜ್ವರದಲ್ಲಿ. ಮುಖ್ಯೋಪಾಧ್ಯಾಯರು ಪತ್ರ ಬರೆದುಕೊಡುತ್ತೇನೆ ಎಂದಿದ್ದಾರೆ.

ನಿವೃತ್ತ ಮಾಸ್ತರ: ಪತ್ರ ಸಾಲದು, ಹಾಜರಿ ಪುಸ್ತಕದ ಪ್ರತಿಯನ್ನೂ ಕೇಳಿ. ತಾಯಿಗೆ ಕೆಲಸ ಬಿಡಲಾಗದ ದಿನ ಕಚೇರಿಯವರೆಗೆ ಅವನ ಜೊತೆ ನಾನು ಬರುತ್ತೇನೆ.