ಪಟ್ಟಿ ಹಾಕುವ ಮೊದಲು ನನ್ನದೊಂದು ಮಾತು
ಎಲ್ಲರಿಗೂ ನಮಸ್ಕಾರ. ಮೆಸೇಜು ಸ್ವಲ್ಪ ಉದ್ದ ಆಗುತ್ತದೆ, ಮಧ್ಯೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಸೊಸೈಟಿ ಗೇಟಿನ ಹೊರಗಿನ ಫುಟ್‌ಪಾತ್ ರಿಪೇರಿಗೆ ಮನೆಗೆ ಎರಡು ಸಾವಿರದಂತೆ ಚಂದಾ ಪಟ್ಟಿ ಹಾಕೋಣ ಅಂತ ನಿನ್ನೆ ರಾತ್ರಿ ಗ್ರೂಪಿನಲ್ಲಿ ಬಂತಲ್ಲ, ಅದಕ್ಕೇ ಈ ಉತ್ತರ. ನಾನು ಕೊಡುವುದಿಲ್ಲ. ಜಿಪುಣಿ ಅನ್ನಬೇಡಿ, ಗಣಪತಿ ಪಟ್ಟಿಗೆ ಮೊದಲು ದುಡ್ಡು ತೆಗೆಯುವವಳು ನಾನೇ.

ಆ ಫುಟ್‌ಪಾತ್ ಬ್ಲಾಕುಗಳ ಅವಸ್ಥೆ ನನಗೆ ಗೊತ್ತಿಲ್ಲ ಅಂತಲ್ಲ. ಹಾಲಿನ ಅಂಗಡಿ ಮುಂದಿನದರ ಮೇಲೆ ಕಾಲಿಟ್ಟರೆ ಪಚಕ್ ಅಂತ ಕೆಸರು ಮೊಣಕಾಲಿಗೆ ಹಾರುತ್ತದೆ. ಮೊನ್ನೆ ಮಠಕ್ಕೆ ಹೊರಟ ನಮ್ಮ ಅತ್ತೆ ಸೀರೆಯ ನೆರಿಗೆ ನೋಡಿಕೊಂಡು ಹಾಗೇ ವಾಪಸ್ ಬಂದರು. ಈಗ ಸ್ಕೂಟರ್‌ಗಳ ನಡುವೆ ರಸ್ತೆಯಲ್ಲೇ ನಡೆಯುತ್ತಾರೆ.

ಆದರೆ ಆ ಜಾಗ ನಮ್ಮದಲ್ಲ, ಪುಣೆ ಪಾಲಿಕೆಯದು. ಮನೆ ತೆರಿಗೆ ಕಟ್ಟಿಯಾಗಿದೆ. (ಸ್ವಂತ ವಾಸಕ್ಕಿರುವ 40 ಪರ್ಸೆಂಟ್ ರಿಯಾಯಿತಿಯನ್ನು ಬಾಡಿಗೆಗೆ ಕೊಟ್ಟ ಫ್ಲ್ಯಾಟಿಗೂ ತೆಗೆದುಕೊಳ್ಳುವವರ ವಿಷಯ ಇವತ್ತು ಬೇಡ.) ಪಾಲಿಕೆ ಕೆಲಸವಾದರೆ ಕಂಟ್ರಾಕ್ಟರ್ ಇಷ್ಟು ಕಾಲ ದೋಷ ಸರಿಪಡಿಸಬೇಕು ಅಂತ ಕರಾರು ಇರುತ್ತದೆ. ನಮ್ಮ ಮೇಸ್ತ್ರಿ ಹಾಕಿದ್ದನ್ನು ಮುಂದಿನ ತಿಂಗಳು ಕೇಬಲ್‌ನವರು ಅಗೆದರೆ ಯಾರ ಕೊರಳಪಟ್ಟಿ ಹಿಡಿಯುತ್ತೀರಿ?

ಪುಣೆಯಲ್ಲಿ 2006ರಿಂದ ಒಂದು ಪದ್ಧತಿ ಇದೆ. ಮುಂದಿನ ವರ್ಷದ ಪಾಲಿಕೆ ಬಜೆಟ್ಟಿಗೆ ನಾಗರಿಕರೇ ಕೆಲಸ ಸೂಚಿಸಬಹುದು, ಒಂದೊಂದೂ 5 ಲಕ್ಷದೊಳಗೆ ಇರಬೇಕು. ಫ್ಲೈಓವರ್ ಕೇಳುವ ಹಾಗಿಲ್ಲ. ಆದರೆ ತುಂಡು ಫುಟ್‌ಪಾತು, ಬೀದಿ ದೀಪ, ಕೂರಲು ಒಂದು ಬೆಂಚು, ಇಂಥದ್ದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಫಾರ್ಮು ಸಾಮಾನ್ಯವಾಗಿ ಮಳೆಗಾಲದಲ್ಲೇ, ಆಗಸ್ಟ್ ಸುಮಾರಿಗೆ ಕರೆಯುತ್ತಾರೆ. ನಮ್ಮವರಿಗೆ ನೆನಪಾಗುವುದು ಮಾತ್ರ ದೀಪಾವಳಿ ಕಳೆದ ಮೇಲೆ.

ಹೋದ ಸಲ ನಾನೊಬ್ಬಳೇ ತುಂಬಿದ್ದೆ, ಆಗಲಿಲ್ಲ. ತಪ್ಪು ನನ್ನದೇ. ‘ನಮ್ಮ ಏರಿಯಾದ ಫುಟ್‌ಪಾತ್ ಸರಿ ಮಾಡಿ’ ಅಂತ ಬರೆದಿದ್ದೆ. ಯಾವ ರಸ್ತೆ, ಎಲ್ಲಿಂದ ಎಲ್ಲಿವರೆಗೆ, ಏನೂ ಇಲ್ಲ. ಓದಿದವರು ಪುಣೆ ತುಂಬಾ ಹುಡುಕಬೇಕಾ? ಅದಕ್ಕೆ ಈ ಭಾನುವಾರ ಬೆಳಿಗ್ಗೆ ಟೇಪ್ ಹಿಡಿದು ಹೋದೆ. ಇನ್ನೊಂದು ತುದಿ ವಾಚ್‌ಮನ್ ಕಾಕಾ ಹಿಡಿದರು. ನಮ್ಮ ಗೇಟಿನಿಂದ ಹಾಲಿನ ಅಂಗಡಿವರೆಗೆ 64 ಮೀಟರ್. ಅಲ್ಲಾಡುವ ಬ್ಲಾಕು 31, ಕಾಲಲ್ಲಿ ಒತ್ತಿ ಒತ್ತಿ ಎಣಿಸಿದ್ದೇನೆ. ಒಂದು ಕಡೆ ಬ್ಲಾಕೇ ಇಲ್ಲ, ಬರೀ ಮಣ್ಣು.

ತಡ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಬಜೆಟ್ಟಿಗೆ ಸೇರಿದರೂ ದುಡ್ಡು ಬರುವುದು ಏಪ್ರಿಲ್ ಆದ ಮೇಲೆ. ಸೇರೇ ಸೇರುತ್ತದೆ ಅಂತಲೂ ಇಲ್ಲ. ಅಲ್ಲಿವರೆಗೆ ಆ ಪಚಕ್ ಬ್ಲಾಕಿನ ಫೋಟೋ ತೆಗೆದು ಪಾಲಿಕೆಯ ದೂರಿನ ಆ್ಯಪ್ ಪಿಎಂಸಿ ಕೇರ್‌ನಲ್ಲಿ ದೂರು ಹಾಕಿ. ಒಬ್ಬರಲ್ಲ, ಎಲ್ಲರೂ ಹಾಕಿ.

ಫಾರ್ಮಿಗೆ ನನಗೊಬ್ಬರು ಜೊತೆ ಬೇಕು. ನನ್ನ ಮರಾಠಿ ತರಕಾರಿ ಚೌಕಾಸಿಗೆ ಮಾತ್ರ ಸಾಕಾಗುತ್ತದೆ. ಬಿ ವಿಂಗಿನ ಮಕ್ಕಳಲ್ಲಿ ಯಾರ ಮರಾಠಿ ಅಕ್ಷರ ಚೆನ್ನಾಗಿದೆಯೋ ಅವರನ್ನು ಸಂಜೆ ನಮ್ಮ ಮನೆಗೆ ಕಳಿಸಿ. ಗಿರ್ಮಿಟ್ ಮಾಡಿರುತ್ತೇನೆ.