ಮಧ್ಯಾಹ್ನ ಮಲಗುತ್ತಿದ್ದ ಟಿವಿ

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಿಂದ ಒಬ್ಬ ತಂಗಿ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಆಗಲೇ ಬೇಕಾದಷ್ಟು ಉತ್ತರಗಳು ಬಂದಿವೆ. ನಾಲ್ಕು ವರ್ಷದ ಮಗ ಟ್ಯಾಬ್ಲೆಟ್ ಬಿಡುವುದಿಲ್ಲ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಏನು ಮಾಡಲಿ ಅಂತ ಆಕೆಯ ಚಿಂತೆ. ಸುಮಾರು ಜನ "ಟ್ಯಾಬ್ಲೆಟ್ ಕಿತ್ತಿಡಿ" ಅಂದಿದ್ದೀರಿ. ಒಬ್ಬರಂತೂ "ಹಿಂದಿನವರಿಗೆ ಈ ಕಾಟ ಇರಲಿಲ್ಲ, ಅದಕ್ಕೇ ಅವರ ಮಕ್ಕಳಿಗೆ ಕನ್ನಡ ಬಂತು" ಅಂತ ಬರೆದಿದ್ದಾರೆ. ಆ ಹಿಂದಿನವರಲ್ಲಿ ನಾನೂ ಒಬ್ಬಳು. ನನ್ನ ಮಗಳಿಗೆ ಕನ್ನಡ ಬರಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾವು ಬಂದಿದ್ದು 1971ರ ಮೇ ತಿಂಗಳಲ್ಲಿ, ಯಾರ್ಕ್‌ಷೈರಿನ ಹಡರ್ಸ್‌ಫೀಲ್ಡ್ ಕಡೆಗೆ. ಯಜಮಾನರು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು, ಮಗಳಿಗೆ ಒಂದೂವರೆ ವರ್ಷ. ನಾನು ಅಲ್ಲಿಯವರೆಗೆ ಟಿವಿಯನ್ನೇ ನೋಡಿದವಳಲ್ಲ. ಬೆಂಗಳೂರಿಗೆ ದೂರದರ್ಶನ ಬಂದಿದ್ದೇ 1981ರಲ್ಲಿ, ಇನ್ನು ನಮ್ಮ ಹಾಸನದ ಮಾತೆಲ್ಲಿ. ಡಾಕ್ಟರುಗಳ ಮೆಸ್ಸಿನಲ್ಲಿ ಮೊದಲ ಸಲ ಕೂತು ನೋಡಿದ್ದು ಆಗಸ್ಟಿನಲ್ಲಿ ಭಾರತ ಆಡಿದ ಓವಲ್ ಕ್ರಿಕೆಟ್ ಟೆಸ್ಟ್. ಗಣೇಶನ ಹಬ್ಬದ ಹಿಂದಿನ ದಿನ. ನಮ್ಮ ಮೈಸೂರಿನ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮಲಗಿಸಿದರು. ಮಾರನೇ ದಿನ, ಹಬ್ಬದ ದಿನವೇ, ಗೆದ್ದೆವು. ಚೆಸಿಂಗ್ಟನ್ ಮೃಗಾಲಯದಿಂದ ಒಂದು ಆನೆಯನ್ನೂ ಮೈದಾನಕ್ಕೆ ಕರೆತಂದಿದ್ದರು! ಆ ಸಂತೋಷದಲ್ಲೇ ಯಜಮಾನರು ಮನೆಗೊಂದು ಟಿವಿ ಬಾಡಿಗೆಗೆ ತಂದರು.

ಹೌದು, ಬಾಡಿಗೆಗೆ. ಆಗ ಟಿವಿ ಕೊಂಡುಕೊಳ್ಳುವವರಿಗಿಂತ ತಿಂಗಳ ಬಾಡಿಗೆಗೆ ತರುವವರೇ ಜಾಸ್ತಿ. ಕೆಲವರ ಮನೆಯ ಟಿವಿಗೆ ಕಾಸು ಹಾಕುವ ಡಬ್ಬಿ ಇರುತ್ತಿತ್ತು. ಕಾಸು ಮುಗಿದರೆ ಕತೆ ಅರ್ಧಕ್ಕೇ ನಿಂತಿತು. ಟಿವಿ ನೋಡಲು ಬೇಕಾದ ಲೈಸೆನ್ಸ್ ಕಪ್ಪುಬಿಳುಪಿಗೆ ವರ್ಷಕ್ಕೆ 7 ಪೌಂಡ್, ಬಣ್ಣಕ್ಕೆ 12. ನಮ್ಮದು ಕಪ್ಪುಬಿಳುಪು. ಹತ್ತಿರದ ಎಮ್ಲಿ ಮೂರ್ ಗುಡ್ಡದ ಮೇಲೆ ಹಳೆಯ ಪ್ರಸಾರ ಕಂಬ 1969ರಲ್ಲಿ ಹಿಮದ ಭಾರಕ್ಕೆ ಮುರಿದು ಬಿದ್ದಿತ್ತಂತೆ. ನಾವು ಹೋದ ವರ್ಷವೇ ಅಲ್ಲಿ ಹೊಸ ಕಾಂಕ್ರೀಟ್ ಗೋಪುರ ಕೆಲಸ ಶುರುಮಾಡಿತು. 330 ಮೀಟರ್ ಎತ್ತರ. ಮಗಳಿಗೆ ಅದನ್ನು ತೋರಿಸಿ ಊಟ ಮಾಡಿಸುತ್ತಿದ್ದೆ, ಊರಲ್ಲಾದರೆ ಚಂದ್ರನನ್ನು ತೋರಿಸುತ್ತಿದ್ದೆ.

ಚಾನೆಲ್ಲು ಮೂರೇ. ಬಿಬಿಸಿ ಒಂದು, ಬಿಬಿಸಿ ಎರಡು, ಐಟಿವಿ. ಅವೂ ದಿನವಿಡೀ ಇರುತ್ತಿರಲಿಲ್ಲ. ಇದನ್ನು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಪ್ರಸಾರ ಮಾಡಬಹುದು ಅಂತ ಸರ್ಕಾರವೇ ಮಿತಿ ಹಾಕಿತ್ತು. ಅದನ್ನು ತೆಗೆದದ್ದು 1972ರಲ್ಲಿ. ಐಟಿವಿಯಲ್ಲಿ ಮಧ್ಯಾಹ್ನದ ಕಾರ್ಯಕ್ರಮಗಳು ಜೋರಾಗಿದ್ದು ಆ ವರ್ಷದ ಅಕ್ಟೋಬರಿನಿಂದ. ನಮ್ಮ ಯಾರ್ಕ್‌ಷೈರ್ ಟಿವಿಯ ಎಮರ್ಡೇಲ್ ಫಾರ್ಮ್ ಧಾರಾವಾಹಿ ಶುರುವಾಗಿದ್ದೂ ಆಗಲೇ.

1973ರ ಒಂದು ಗುರುವಾರ ಅಂದುಕೊಳ್ಳಿ. ಹನ್ನೊಂದು ಗಂಟೆಗೆ ಬಿಬಿಸಿ ಎರಡರಲ್ಲಿ ಮಕ್ಕಳ ಕಾರ್ಯಕ್ರಮ ಪ್ಲೇ ಸ್ಕೂಲ್. ಅದರಲ್ಲಿ ಮೂರು ಕಿಟಕಿಗಳು. ಒಂದು ದುಂಡು, ಒಂದು ಚೌಕ, ಒಂದು ಕಮಾನು. ಇವತ್ತು ಯಾವ ಕಿಟಕಿಯ ಮೂಲಕ ಹೊರಗೆ ನೋಡೋಣ ಅಂತ ಕೇಳುತ್ತಿದ್ದರು. ಮಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಅರ್ಧ ಗಂಟೆಯೊಳಗೆ ಅದು ಮುಗಿದರೆ ಬಿಬಿಸಿ ಎರಡು ಸಂಜೆಯವರೆಗೆ ಮಲಗಿಬಿಡುತ್ತಿತ್ತು.

ಮಲಗುವುದು ಅಂದರೆ ಪರದೆ ಖಾಲಿ ಅಂತಲ್ಲ. ಟೆಸ್ಟ್ ಕಾರ್ಡ್ ಅಂತ ಅಲುಗಾಡದ ಒಂದು ಚಿತ್ರ ಬರುತ್ತಿತ್ತು, ಹಿಂದೆ ಸುಮ್ನೆ ಒಂದು ಸಂಗೀತ. ಒಬ್ಬ ಹುಡುಗಿ, ಪಕ್ಕದಲ್ಲಿ ಕರಿಹಲಗೆ, ಒಂದು ಕೋಡಂಗಿ ಗೊಂಬೆ. ಆ ಹುಡುಗಿಯ ಹೆಸರು ಕ್ಯಾರೊಲ್ ಹರ್ಸಿ. ಚಿತ್ರ ರೂಪಿಸಿದ ಬಿಬಿಸಿ ಎಂಜಿನಿಯರನ ಮಗಳೇ ಅಂತ ಆಮೇಲೆ ಗೊತ್ತಾಯಿತು. ನನ್ನ ಮಗಳಿಗೆ ಅವಳು ಗೆಳತಿ. "ಅಮ್ಮಾ, ಅವಳಿಗೆ ಕೂತು ಕೂತು ಬೇಜಾರಾಗಲ್ವಾ? ಅವಳಿಗೂ ಒಂದು ತುತ್ತು ಕೊಡು" ಅನ್ನುವಳು. ಕೊಟ್ಟೂ ಇದ್ದೇನೆ. ಗಾಜಿನ ಮೇಲೆ ತುಪ್ಪದ ಬೆರಳಚ್ಚು ಒರೆಸಿದ್ದೂ ನಾನೇ.

ಊಟ ಆದಮೇಲೆ ಬಿಬಿಸಿ ಒಂದರಲ್ಲಿ ವಾಚ್ ವಿತ್ ಮದರ್. ಹೆಸರಲ್ಲೇ ಅಮ್ಮನಿಗೂ ಅಪ್ಪಣೆ, ಪಕ್ಕದಲ್ಲಿ ಕೂರಬೇಕು. ಕಾಲು ಗಂಟೆ. ಅದರಲ್ಲಿ ಬರುವ ಟ್ರಂಪ್ಟನ್ ಅನ್ನುವ ಗೊಂಬೆಗಳ ಊರಿನ ಫೈರ್ ಎಂಜಿನ್‌ನವರ ಹಾಜರಿಯನ್ನು ಮಗಳು ಮಗ್ಗಿಯ ಥರ ಒಪ್ಪಿಸುತ್ತಿದ್ದಳು. ಸಂಜೆ ಮತ್ತೆ ಜಾಕನೋರಿಯಲ್ಲಿ ಯಾರೋ ಕುರ್ಚಿಯಲ್ಲಿ ಕೂತು ಪುಸ್ತಕದ ಕತೆ ಓದುವರು. ಆಮೇಲೆ ಬ್ಲೂ ಪೀಟರ್, ಸೋಮವಾರ ಮತ್ತು ಗುರುವಾರ. ಖಾಲಿ ಸೋಪಿನ ಬಾಟಲಿ, ರಟ್ಟಿನ ಡಬ್ಬಿಗಳಲ್ಲಿ ಏನೇನೋ ಮಾಡಿ ತೋರಿಸುತ್ತಿದ್ದರು. ಅದನ್ನು ನೋಡಿ ನಾನು ಕಾರ್ನ್‌ಫ್ಲೇಕ್ಸ್ ಡಬ್ಬಿಯಲ್ಲಿ ಗಣೇಶನಿಗೆ ಮಂಟಪ ಮಾಡಿದೆ. ಈಗಿನ ಥರ್ಮಾಕೋಲ್ ಮಂಟಪಗಳಿಗಿಂತ ಚೆನ್ನಾಗಿತ್ತು ಅಂತ ಇವತ್ತಿಗೂ ನನ್ನ ವಾದ.

ಏಳರ ಹೊತ್ತಿಗೆ ದೊಡ್ಡವರದು ಶುರು. ಗುರುವಾರ ವಿಜ್ಞಾನದ ಟುಮಾರೋಸ್ ವರ್ಲ್ಡ್, ಹಾಡುಗಳ ಟಾಪ್ ಆಫ್ ದ ಪಾಪ್ಸ್. ಸೋಮವಾರ, ಬುಧವಾರ ಐಟಿವಿಯ ಧಾರಾವಾಹಿ ಕೊರೊನೇಷನ್ ಸ್ಟ್ರೀಟ್. ನನ್ನ ಇಂಗ್ಲಿಷ್ ಹುಟ್ಟಿದ್ದು ಅಲ್ಲೇ. ಅದರಿಂದಲೇ ಅಂಗಡಿಯಲ್ಲಿ ಅಲ್ಲಿನ ಹೆಂಗಸರೊಂದಿಗೆ ಹರಟುವ ಧೈರ್ಯ ಬಂತು. ರಾತ್ರಿ ಕೊನೆಗೆ ಬಿಬಿಸಿ ಒಂದರಲ್ಲಿ ರಾಣಿಗೆ ರಾಷ್ಟ್ರಗೀತೆ ನುಡಿಸಿ ಬಾಗಿಲು ಹಾಕುತ್ತಿದ್ದರು. ಊರಿನ ಟಾಕೀಸಿನ ಅಭ್ಯಾಸದಲ್ಲಿ ಯಜಮಾನರು ಮೊದಲ ರಾತ್ರಿ ಎದ್ದು ನಿಂತರು, ಲುಂಗಿಯಲ್ಲಿ. ಟಿವಿ ಆರಿಸಿದರೆ ನಡುವೆ ಒಂದು ಬಿಳಿ ಚುಕ್ಕೆ ಸಣ್ಣಗಾಗುತ್ತಾ ಮಾಯವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ನಮ್ಮಂಥವರಿಗೆಂದೇ ಒಂದು ಕಾರ್ಯಕ್ರಮ, ನಯೀ ಜಿಂದಗಿ ನಯಾ ಜೀವನ್. ಮಹೇಂದ್ರ ಕೌಲ್ ನಡೆಸಿಕೊಡುತ್ತಿದ್ದರು. ಭಾಷೆ ಹಿಂದಿ-ಉರ್ದು. ನಮಗೆ ಹಿಂದಿ ಅಷ್ಟಕ್ಕಷ್ಟೆ, ಆದರೂ ಬಿಡದೆ ನೋಡುತ್ತಿದ್ದೆವು. ಹಾಸನದವಳು ಯಾರ್ಕ್‌ಷೈರಿನಲ್ಲಿ ಕೂತು ಬಿಬಿಸಿಯಿಂದ ಹಿಂದಿ ಕಲಿತೆ ನೋಡಿ! ಕನ್ನಡ ಮಾತ್ರ ಆ ಪೆಟ್ಟಿಗೆಯಿಂದ ಒಂದಕ್ಷರ ಬರಲಿಲ್ಲ.

ಎಲ್ಲ ಚೆನ್ನಾಗಿತ್ತು ಅನ್ನುವುದಿಲ್ಲ. ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ಬ್ಲ್ಯಾಕ್ ಅಂಡ್ ವೈಟ್ ಮಿನ್ಸ್ಟ್ರೆಲ್ ಶೋ ಮನೆಮಂದಿ ಕೂತು ನೋಡುವ ಕಾರ್ಯಕ್ರಮವಾಗಿತ್ತು. "ಅವರು ಯಾಕೆ ಮಸಿ ಬಳ್ಕೊಂಡಿದ್ದಾರೆ?" ಅಂತ ಮಗಳು ಕೇಳಿದಳು. ನಾನು ಎದ್ದು ಹೋಗಿ ಚಾನೆಲ್ ತಿರುಗಿಸಿದೆ. ಉತ್ತರ ಕೊಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಇಂಗ್ಲಿಷ್ ಟಿವಿ ನೋಡಿಯೂ ನಾಲ್ಕೂವರೆ ವರ್ಷದವರೆಗೆ ನನ್ನ ಮಗಳು ಅಚ್ಚ ಕನ್ನಡ ಮಾತಾಡುತ್ತಿದ್ದಳು. ನಾನು ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ನಿಂತು "ಇವತ್ತು ದುಂಡು ಕಿಟಕಿನಾ, ಚೌಕದ ಕಿಟಕಿನಾ?" ಅನ್ನುತ್ತಿದ್ದಳು. ನೋಡಿದ್ದು ಇಂಗ್ಲಿಷಿನಲ್ಲಿ, ನನಗೆ ಹೇಳಿದ್ದು ಕನ್ನಡದಲ್ಲಿ. 1973ರ ಡಿಸೆಂಬರಿನಲ್ಲಿ ಕಲ್ಲಿದ್ದಲಿನ ಕೊರತೆಯಾಗಿ ಸರ್ಕಾರ ರಾತ್ರಿ ಹತ್ತೂವರೆಗೇ ಟಿವಿ ನಿಲ್ಲಿಸಲು ಹೇಳಿತು. ಅಂಥ ಚಳಿಗಾಲದ ರಾತ್ರಿಗಳಲ್ಲಿ ಒಂದೇ ರಜಾಯಿಯಲ್ಲಿ ಮೂವರೂ ಸೇರಿ ಕಾಗಕ್ಕ ಗುಬ್ಬಕ್ಕನ ಕತೆ. ಗುಬ್ಬಿಯ ಮನೆಗೂ ಅವಳು ಮೂರು ಕಿಟಕಿ ಇಡಿಸಿದಳು.

1974ರಲ್ಲಿ ಶಾಲೆಗೆ ಸೇರಿಸಿದೆವು. ಒಂದು ತಿಂಗಳಾಗಿರಬೇಕು, ಟೀಚರ್ ಕರೆದು ಮೆಲ್ಲಗೆ ಹೇಳಿದರು: ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ. ಒಳ್ಳೆಯ ಹೆಂಗಸು, ಮಗಳ ಮೇಲೆ ಪ್ರೀತಿಯಿತ್ತು. ಆಗ ಬಹಳ ಜನಕ್ಕೆ ಇದೇ ಮಾತು ಹೇಳುತ್ತಿದ್ದರು. ನಾವು ಹೆದರಿದೆವು. ಅವತ್ತು ಸಂಜೆಯಿಂದಲೇ ಯಜಮಾನರು ಊಟದ ಮೇಜಿನಲ್ಲಿ ಇಂಗ್ಲಿಷ್ ಶುರುಮಾಡಿದರು. ನಾನು ನನ್ನ ಕೊರೊನೇಷನ್ ಸ್ಟ್ರೀಟ್ ಇಂಗ್ಲಿಷ್ ಜೋಡಿಸಿದೆ. ಮಗಳು ಮೊದಲು ನಕ್ಕಳು, ತಮಾಷೆ ಅಂದುಕೊಂಡು. ಮಾರನೇ ವರ್ಷದ ಯುಗಾದಿಯ ಹೊತ್ತಿಗೆ ಅವಳು ಕನ್ನಡದಲ್ಲಿ ಉತ್ತರ ಕೊಡುವುದು ನಿಂತಿತ್ತು.

ಆಮೇಲೆ ಎಷ್ಟೋ ವರ್ಷ ಊರಿನವರು ಕೇಳಿದಾಗ "ಅಯ್ಯೋ, ಅಲ್ಲಿ ಟಿವಿ ಜಾಸ್ತಿ" ಅನ್ನುತ್ತಿದ್ದೆ. ಸುಲಭದ ಉತ್ತರ ಅದು. ಟಿವಿ ಪಾಪ ಮಧ್ಯಾಹ್ನ ಮಲಗಿಯೇ ಇರುತ್ತಿತ್ತು. 1983ರಲ್ಲಿ ಇಲ್ಲಿನ ಕನ್ನಡಿಗರ ಸಂಘ ಕನ್ನಡ ಬಳಗ ಶುರುವಾಗುವ ಹೊತ್ತಿಗೆ ಅವಳು ಹೈಸ್ಕೂಲು ಹುಡುಗಿ, ಕಾರ್ಯಕ್ರಮಗಳಲ್ಲಿ ನನ್ನ ಸೆರಗಿನ ಹಿಂದೆ ನಿಂತು ಎಲ್ಲ ಅರ್ಥಮಾಡಿಕೊಂಡು ಏನೂ ಮಾತಾಡುತ್ತಿರಲಿಲ್ಲ.

ಟ್ಯಾಬ್ಲೆಟ್ ತಾನಾಗಿ ಮಲಗುವುದಿಲ್ಲ ಅನ್ನುವುದು ನಿಜ, ಅದನ್ನು ಮಲಗಿಸುವ ಕೆಲಸ ನಿಮ್ಮದೇ. ಆದರೆ ತಂಗಿ, ನೀವು ಬರೆದದ್ದರಲ್ಲಿ ಒಂದು ವಿಷಯ ಇಲ್ಲ. ಅವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಾಗ ನೀವು ಮುಂದಿನ ಮಾತು ಯಾವ ಭಾಷೆಯಲ್ಲಿ ಆಡುತ್ತೀರಿ? ನರ್ಸರಿಯಲ್ಲಿ ಯಾರಾದರೂ ಏನಾದರೂ ಹೇಳಿದ್ದಾರಾ?